ನೆಲ ನಿಜವಾಗಿಯೂ ಡೊಂಕಿದ್ದರೆ?

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದ ತಾಯಂದಿರು ಏನೇನೋ ಕಲಿತು ಬರುತ್ತಾರೆ. 2018ರಲ್ಲಿ ಡಲ್ಲಾಸಿಗೆ ಹೋದ ನಾನು ಕಲಿತದ್ದು ಅಲ್ಲಿಯವರ ಫುಟ್‌ಬಾಲ್! ಹೆಸರಿಗೆ ಫುಟ್‌ಬಾಲಾದರೂ ಅದರಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಕ್ವಾರ್ಟರ್‌ಬ್ಯಾಕ್ ಎನ್ನುವವನು ಚೆಂಡು ಎಸೆಯುತ್ತಾನೆ. ವೈಡ್ ರಿಸೀವರ್ ಎನ್ನುವವನು ಅಂಚಿನಿಂದ ಓಡಿ ಹೋಗಿ ಅದನ್ನು ಹಿಡಿಯುತ್ತಾನೆ.

ಮಗಳ ಆಫೀಸಿನವರು ಇದರ ಮೇಲೆ ಇನ್ನೊಂದು ಆಟ ಕಟ್ಟಿಕೊಂಡಿದ್ದರು. ಅದಕ್ಕೆ ಫ್ಯಾಂಟಸಿ ಫುಟ್‌ಬಾಲ್ ಎಂದು ಹೆಸರು. ನಿಜವಾದ ಆಟಗಾರರನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳುವುದು, ಅವರು ಮೈದಾನದಲ್ಲಿ ಆಡಿದಂತೆ ಇವರು ಮನೆಯಲ್ಲಿ ಅಂಕ ಎಣಿಸುವುದು. ಹಿಡಿದ ಚೆಂಡಿಗೆ 1 ಅಂಕ, ಹತ್ತು ಗಜಕ್ಕೆ 1, ಟಚ್‌ಡೌನ್‌ಗೆ 6. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಫೋನು. ನಾನು ಬೈದದ್ದೂ ಉಂಟು.

ಅಕ್ಟೋಬರ್ 22ರಂದು ಅವಳ ಪಾಲಿನ ಅಮಾರಿ ಕೂಪರ್ ಎಂಬ ರಿಸೀವರ್‌ನನ್ನು ಓಕ್ಲೆಂಡ್ ರೇಡರ್ಸ್ ತಂಡ ಡಲ್ಲಾಸ್ ಕೌಬಾಯ್ಸ್‌ಗೆ ಕೊಟ್ಟುಬಿಟ್ಟಿತು. ಋತು ಇನ್ನೂ ಅರ್ಧವೂ ಮುಗಿದಿರಲಿಲ್ಲ. "ಅಮ್ಮಾ, ಇವನನ್ನು ಇಟ್ಟುಕೊಳ್ಳಲಾ, ಬೇರೆಯವರಿಗೆ ಕೊಟ್ಟುಬಿಡಲಾ?" ಎಂದಳು ಮಗಳು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವಳು ನಾನು. ಅಂಕ ಕಂಡರೆ ಸುಮ್ಮನಿರುತ್ತೇನೆಯೇ? ಆರು ಪಂದ್ಯಗಳಲ್ಲಿ 22 ಚೆಂಡು, 280 ಗಜ, ಒಂದು ಟಚ್‌ಡೌನ್. ಒಟ್ಟು 56 ಅಂಕ, ಸರಾಸರಿ ಒಂಬತ್ತು ಚಿಲ್ಲರೆ. ಎರಡು ಪಂದ್ಯದಲ್ಲಿ ನೂರು ಗಜ ದಾಟಿದ್ದ. ಉಳಿದವುಗಳಲ್ಲಿ ಒಂದು, ಎರಡು, ಸೊನ್ನೆ. "ಕೊಟ್ಟುಬಿಡು, ಮಾರ್ಕ್ಸ್ ಕಾರ್ಡೇ ಹೇಳುತ್ತಿದೆಯಲ್ಲ" ಎಂದೆ.

"ಅವನು ಹಿಡಿಯಬೇಕಾದರೆ ಮೊದಲು ಯಾರಾದರೂ ಎಸೆಯಬೇಕಲ್ಲಮ್ಮ?" ಎಂದಳು. ಇಟ್ಟುಕೊಂಡಳು.

ಡಲ್ಲಾಸಿನಲ್ಲಿ ಅದೇ ಹುಡುಗ ಒಂಬತ್ತು ಪಂದ್ಯಗಳಲ್ಲಿ 53 ಚೆಂಡು ಹಿಡಿದ. 725 ಗಜ, 6 ಟಚ್‌ಡೌನ್. ಸರಾಸರಿ ಹದಿನೆಂಟರ ಹತ್ತಿರ, ಅಂದರೆ ಹಿಂದಿನದಕ್ಕೆ ಹೆಚ್ಚುಕಡಿಮೆ ಎರಡರಷ್ಟು. ಅದೇ ಕೈ, ಅದೇ ಕಾಲು. ಬದಲಾದದ್ದು ಮನೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂದರೆ ನಗಬೇಡಿ. ನೆನಪಾದದ್ದು ನನ್ನ ಸೊಸೆ. ಬಿ.ಎಸ್ಸಿ. ಓದಿದ ಹುಡುಗಿ. ಹಾಸನದ ನಮ್ಮ ಮನೆಯಲ್ಲಿ ನಾಲ್ಕು ವರ್ಷ ಇದ್ದಳು. ಮಾತಿಲ್ಲ, ಚುರುಕಿಲ್ಲ, ಸಾರಿಗೆ ಒಂದು ದಿನ ಉಪ್ಪು ಹೆಚ್ಚು, ಒಂದು ದಿನ ಕಡಿಮೆ. ಅವಳು ಏನಾದರೂ ಸಮಾಧಾನ ಹೇಳಹೊರಟರೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದುಬಿಡುತ್ತಿದ್ದೆ. ಮಗನಿಗೆ ಧಾರವಾಡಕ್ಕೆ ವರ್ಗವಾಯಿತು. ವರ್ಷದೊಳಗೆ ಅವಳ ಮನೆಯ ಜಗಲಿ ತುಂಬ ಮಕ್ಕಳು, ಲೆಕ್ಕದ ಪಾಠಕ್ಕೆ! "ಪರವಾಗಿಲ್ಲ, ಬದಲಾಗಿದ್ದಾಳೆ" ಎಂದು ನೆಂಟರ ಮುಂದೆ ದೊಡ್ಡ ಮನಸ್ಸಿನವಳಂತೆ ಹೇಳಿಕೊಂಡಿದ್ದೆ.

ಬದಲಾದವಳು ಅವಳೇ? ನಮ್ಮ ಮನೆಯ ನಡುಮನೆಯಲ್ಲೂ ಸಂಜೆ ಮಕ್ಕಳು ಲೆಕ್ಕ ಕಲಿಯಲು ಕೂರುತ್ತಿದ್ದರು. ಆ ನಾಲ್ಕು ವರ್ಷದಲ್ಲಿ ಒಂದು ಮಗುವನ್ನಾದರೂ ಅವಳ ಮುಂದೆ ಕೂರಿಸಿದ್ದೆನೇ? ಚೆಂಡನ್ನು ಎಸೆಯದೆಯೇ, ಹಿಡಿಯಲಿಲ್ಲವೆಂದು ಸೊನ್ನೆ ಹಾಕಿದವಳು ನಾನು. ನೆಲ ನಿಜವಾಗಿಯೂ ಡೊಂಕಿತ್ತು. ಆ ನೆಲ ನನ್ನದಾಗಿತ್ತು.

ಹಾಗೆಂದು ಎಲ್ಲವನ್ನೂ ಮನೆಯ ಮೇಲೆ ಹಾಕುವುದೂ ಸರಿಯಲ್ಲ. ಇದೇ ಕೂಪರ್‌ಗಾಗಿ ಡಲ್ಲಾಸ್ ತಂಡ 2018ರಲ್ಲಿ ಹೊಸ ಆಟಗಾರನನ್ನು ಮೊದಲ ಸುತ್ತಿನಲ್ಲೇ ಆರಿಸಿಕೊಳ್ಳುವ ತನ್ನ ಹಕ್ಕನ್ನು ಕೊಟ್ಟಿತ್ತು. 2022ರಲ್ಲಿ ಹೆಚ್ಚುಕಡಿಮೆ ಐದನೆಯ ಸುತ್ತಿನ ಬೆಲೆಗೆ ಅವನನ್ನು ಕ್ಲೀವ್‌ಲ್ಯಾಂಡಿಗೆ ಬಿಟ್ಟುಕೊಟ್ಟಿತು. ಅಲ್ಲಿ ಅವನು ಸಾಲಾಗಿ ಎರಡು ವರ್ಷ ಸಾವಿರ ಗಜ ದಾಟಿದ. ಆದರೆ 2024ರ ಅಕ್ಟೋಬರಿನಲ್ಲಿ, ಮತ್ತೆ ಋತುವಿನ ನಡುವೆಯೇ, ಬಫಲೋ ತಂಡಕ್ಕೆ ಹೋದಾಗ ಡಲ್ಲಾಸಿನ ಪವಾಡ ನಡೆಯಲಿಲ್ಲ. ಎಂಟು ಪಂದ್ಯಗಳಲ್ಲಿ 20 ಚೆಂಡು, ಅಷ್ಟೆ. ಆಗ ಅವನಿಗೆ ಮೂವತ್ತಾಗಿತ್ತು. ಬಂದ ಸೊಸೆಯರೆಲ್ಲ ಹೊಸ ಮನೆಯಲ್ಲಿ ಅರಳುವುದಿಲ್ಲ. ಅದಕ್ಕೆ ಮನೆಯವರೇ ಕಾರಣರೆಂದೂ ಹೇಳಲಾಗದು. ಬೆಲೆ ಎನ್ನುವುದು ಕೊಳ್ಳುವವರ ಅಗತ್ಯ. ಯೋಗ್ಯತೆ ಬೇರೆಯೇ. ಅದು ಎಷ್ಟು ಅವಳದು, ಎಷ್ಟು ಮನೆಯದು ಎಂದು ಭಾಗಿಸುವ ಸೂತ್ರ ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ. ಸೂತ್ರ ಇಲ್ಲದಿದ್ದ ಮೇಲೆ ಅಂಕ ಹಾಕುವ ಆತುರವಾದರೂ ಏಕೆ? ಎಸೆಯುವುದಷ್ಟೇ ನಮ್ಮ ಕೈಯಲ್ಲಿರುವುದು.

ಇಷ್ಟು ತಿಳಿದರೂ ನಡೆದುಕೊಳ್ಳಲು ನನಗೆ ವರ್ಷಗಳೇ ಹಿಡಿದವು. ಅತ್ತೆತನ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಕಳೆದ ಬೇಸಿಗೆಯಲ್ಲಿ ಸೊಸೆ ಹಾಸನಕ್ಕೆ ಬಂದಿದ್ದಳು. ಪಕ್ಕದ ಮನೆಯ ಹುಡುಗಿ ಪುಸ್ತಕ ಹಿಡಿದು ನನ್ನ ಹತ್ತಿರ ಬಂದಾಗ, "ನನಗೆ ಕಣ್ಣು ಮಂಜು, ನೀನೇ ಸ್ವಲ್ಪ ಹೇಳಿಕೊಡಮ್ಮ" ಎಂದೆ. ಕಣ್ಣಿಗೇನೂ ಆಗಿರಲಿಲ್ಲ.

ಸೊಸೆ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಹುಡುಗಿಯಿಂದ ಪೆನ್ಸಿಲ್ ಇಸಿದುಕೊಂಡಳು.