ಹಾಲು ಬತ್ತುವ ದಿನಗಳು

ಹೆರಿಗೆಯಾದ ಎರಡರಿಂದ ನಾಲ್ಕು ದಿನಗಳೊಳಗೆ ತಾಯಿಯ ಎದೆ ತುಂಬಿಕೊಳ್ಳುತ್ತದೆ. ಇದಕ್ಕೆ ಮಗು ಎದೆಗೆ ಬಾಯಿಡಲೇಬೇಕೆಂದಿಲ್ಲ. ಮಾಸು ಹೊರಬಿದ್ದೊಡನೆ ರಕ್ತದಲ್ಲಿ ಪ್ರೊಜೆಸ್ಟರಾನ್ ಇಳಿಯುತ್ತದೆ. ಅಷ್ಟು ತಿಂಗಳು ಅದು ತಡೆದಿಟ್ಟಿದ್ದ ಹಾಲಿಗೆ ಆಗ ದಾರಿ ಬಿಟ್ಟಂತಾಗುತ್ತದೆ. ಮಗು ತೊಟ್ಟಿಲಲ್ಲಿದೆಯೋ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದೆಯೋ, ಮಣ್ಣಿನಡಿಯಲ್ಲಿದೆಯೋ ಎಂದು ದೇಹ ವಿಚಾರಿಸುವುದಿಲ್ಲ. ಐದನೇ ತಿಂಗಳಲ್ಲಿ ಗರ್ಭ ಕಳೆದುಕೊಂಡವಳಿಗೂ ಹಾಲು ಬರಬಹುದು. ಆಗ ಎದೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಮಗ್ಗುಲಾಗಿ ಮಲಗಲಾಗುವುದಿಲ್ಲ, ತೋಳು ಇಳಿಸಲಾಗುವುದಿಲ್ಲ. ಪಕ್ಕದ ಮನೆಯ ಮಗು ಅತ್ತರೂ ರವಿಕೆ ಒದ್ದೆಯಾಗುತ್ತದೆ.

ಈ ಹಾಲನ್ನು ನಿಲ್ಲಿಸಬೇಕಾದ ಹೆಂಗಸರು ಹಲವರಿದ್ದಾರೆ. ಮಗು ಸತ್ತು ಹುಟ್ಟಿದವರು, ಕ್ಯಾನ್ಸರ್ ಚಿಕಿತ್ಸೆಗೆ ಹೋಗಬೇಕಾದವರು, ಮಗುವನ್ನು ದತ್ತು ಕೊಟ್ಟವರು, ಹಾಲೂಡಿಸಲು ಆಗದವರು, ಊಡಿಸಲು ಒಲ್ಲದವರು. ಕಾರಣಗಳು ಬೇರೆಬೇರೆ, ನೋವು ಮಾತ್ರ ಒಂದೇ. ಆದರೂ ಇಂಥ ಹೆಂಗಸೊಬ್ಬಳು ನೋವು ಎಂದಾಗ ನಮ್ಮ ಬಾಯಿಂದ ಮೊದಲು ಬರುವುದು 'ಎಷ್ಟು ನೋಯುತ್ತಿದೆ?' ಎಂಬ ಪ್ರಶ್ನೆಯಲ್ಲ, 'ಯಾಕೆ ನಿಲ್ಲಿಸುತ್ತಿದ್ದೀಯ?' ಎಂಬ ಪ್ರಶ್ನೆ. ನೋವು ಕಡಿಮೆ ಮಾಡುವುದಕ್ಕೆ ಮೊದಲು ಕಾರಣ ಸಾಬೀತಾಗಬೇಕೇ? ಈ ಬರಹ ಕೇಳಿಕೊಳ್ಳುತ್ತಿರುವುದು ಇಷ್ಟನ್ನೇ.

ನಮ್ಮಲ್ಲಿ ಹಾಲು ಬರೀ ಆಹಾರವಲ್ಲ, ನೀತಿಯ ಮಾತು. ಗಂಡಸನ್ನು ಕೆಣಕುವಾಗ 'ತಾಯಿಯ ಹಾಲು ಕುಡಿದಿದ್ದರೆ ಬಾ' ಎನ್ನುತ್ತೇವೆ. ತೀರಿಸಲಾಗದ ಋಣ ಎಂದರೆ ಹಾಲಿನ ಋಣ. ಗೋವಿನ ಹಾಡಿನ ಪುಣ್ಯಕೋಟಿ ಹುಲಿಯ ಬಳಿ ಬೇಡುವುದು ತನ್ನ ಜೀವವನ್ನಲ್ಲ, ಕರುವಿಗೆ ಹಾಲೂಡಿಸಿ ಬರುವಷ್ಟು ಹೊತ್ತನ್ನು. ಎದೆಗೆ ವಿಷ ಸವರಿಕೊಂಡು ಬಂದ ಪೂತನಿ ಆ ಚಿತ್ರದ ಇನ್ನೊಂದು ತುದಿ. ಈ ಎಲ್ಲ ಕಥೆಗಳಲ್ಲೂ ಹಾಲಿಗೆ ಅರ್ಥ ಬರುವುದು ಕುಡಿಯುವ ಬಾಯಿಂದ. ಕುಡಿಯುವ ಬಾಯಿಯೇ ಇಲ್ಲದ ಹಾಲಿಗೆ ನಮ್ಮ ಬಳಿ ಕಥೆಯಿಲ್ಲ. ಹಾಲು ಹೆಚ್ಚಿಸಲು ಸಬ್ಬಸಿಗೆ, ಮೆಂತ್ಯ, ಬೆಳ್ಳುಳ್ಳಿ ಎಂದು ಮನೆಮನೆಯಲ್ಲೂ ಹೇಳುವವರಿದ್ದಾರೆ. ಬತ್ತಿಸುವ ಬಗೆಯನ್ನು ಮಾತ್ರ ಪಿಸುಮಾತಿನಲ್ಲಿ ಕೇಳಬೇಕು.

ಆ ಪಿಸುಮಾತಿನಲ್ಲಿ ಉಳಿದು ಬಂದದ್ದೊಂದು ಮಲ್ಲಿಗೆ. ದಕ್ಷಿಣ ಭಾರತದಲ್ಲಿ ಹಾಲು ನಿಲ್ಲಿಸಲು ಎದೆಗೆ ಮಲ್ಲಿಗೆ ಹೂ ಕಟ್ಟುವ ಪದ್ಧತಿ ಹಿಂದಿನಿಂದಲೂ ಇದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಇದನ್ನು ನಗೆಚಾಟಿಕೆ ಮಾಡದೆ ಪರೀಕ್ಷಿಸಿದರು. ಕೆಲವು ಬಾಣಂತಿಯರಿಗೆ ದುಂಡುಮಲ್ಲಿಗೆ, ಕೆಲವರಿಗೆ ಬ್ರೋಮೋಕ್ರಿಪ್ಟಿನ್ ಮಾತ್ರೆ ಕೊಟ್ಟು ಹೋಲಿಸಿ, 1988ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರೊಲ್ಯಾಕ್ಟಿನ್ ಇಳಿಸುವುದರಲ್ಲಿ ಮಾತ್ರೆಯೇ ಮುಂದಿತ್ತು. ಆದರೆ ಎದೆಯ ಬಿಗಿತ ಮತ್ತು ಹಾಲು ಕಡಿಮೆಯಾಗುವುದರಲ್ಲಿ ಹೂವೂ ಹೆಚ್ಚು ಹಿಂದೆ ಬೀಳಲಿಲ್ಲ. ಅಧ್ಯಯನ ಚಿಕ್ಕದು, ಅದರಿಂದ ದೊಡ್ಡ ತೀರ್ಮಾನ ಹೊರಡಿಸಬಾರದು. ನನಗೆ ಮುಖ್ಯವೆನಿಸುವುದು ಬೇರೆ ಸಂಗತಿ. ಸೀಮಂತದ ದಿನ ಜಡೆಗೆ ಮುಡಿಸುವ ಹೂವನ್ನೇ ಬರಿಗೈಯಲ್ಲಿ ಮನೆಗೆ ಮರಳಿದವಳ ಎದೆಗೆ ಕಟ್ಟಲು ಯಾರೋ ಯೋಚಿಸಿದ್ದರು. ಅವರು ಆಕೆಯ ನೋವನ್ನು ನೋಡಿದ್ದರು.

ಮಾತ್ರೆಯ ಕಥೆ ಹೀಗೆ ಮುಗಿಯಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಹಾಲು ನಿಲ್ಲಿಸಲು ಮೊದಲು ಈಸ್ಟ್ರೋಜನ್ ಔಷಧಿಗಳನ್ನು, ಆಮೇಲೆ ಬ್ರೋಮೋಕ್ರಿಪ್ಟಿನ್ ಅನ್ನು ಧಾರಾಳವಾಗಿ ಬರೆಯಲಾಯಿತು. ಮೊದಲನೆಯದರಿಂದ ರಕ್ತ ಹೆಪ್ಪುಗಟ್ಟುವ ಅಪಾಯವಿತ್ತು. ಎರಡನೆಯದನ್ನು ತೆಗೆದುಕೊಂಡವರಲ್ಲಿ ಕೆಲವರಿಗೆ ಪಾರ್ಶ್ವವಾಯು, ಹೃದಯಾಘಾತ, ಸೆಳವು ಕಾಣಿಸಿಕೊಂಡ ವರದಿಗಳು ಬಂದವು. ತೊಂಬತ್ತರ ದಶಕದ ನಡುವಿನಲ್ಲಿ ಅಮೆರಿಕ ಈ ಬಳಕೆಗೆ ಕೊಟ್ಟಿದ್ದ ಒಪ್ಪಿಗೆ ಇಲ್ಲವಾಯಿತು. ಈಗ ಕೆಲವೆಡೆ ಕ್ಯಾಬರ್ಗೊಲಿನ್ ಕೊಡುತ್ತಾರೆ. ರಕ್ತದೊತ್ತಡ ಇರುವವರಿಗೆ ಅದೂ ಸಲ್ಲದು, ವೈದ್ಯರೇ ತೂಗಿ ನೋಡಿ ಬರೆಯಬೇಕು. ಕೆಲವು ದಿನಗಳ ನೋವಿಗಾಗಿ ಜೀವದ ಅಪಾಯ ಬೇಡ ಎಂಬ ತೀರ್ಮಾನ ಸರಿಯಾದದ್ದೇ. ಆದರೆ ಮಾತ್ರೆ ಹೋದ ಜಾಗದಲ್ಲಿ ಬಂದು ಕೂತ ಉತ್ತರ ಯಾವುದು? 'ತಾನಾಗಿಯೇ ಹೋಗುತ್ತದೆ.' ಇದು ನಿಜ. ಕುಡಿಸದೆ, ಹಿಂಡದೆ ಬಿಟ್ಟರೆ ತೀವ್ರ ಬಿಗಿತ ಕೆಲವು ದಿನಗಳಲ್ಲಿ ಸಡಿಲವಾಗುತ್ತದೆ, ವಾರಗಳಲ್ಲಿ ಹಾಲು ಬತ್ತುತ್ತದೆ. ಆದರೆ 'ತಾನಾಗಿಯೇ ಹೋಗುತ್ತದೆ' ಎನ್ನುವುದರಿಂದ 'ಅಲ್ಲಿಯವರೆಗೆ ನಾವೇನೂ ಮಾಡಬೇಕಿಲ್ಲ' ಎಂಬುದು ಹುಟ್ಟುವುದಿಲ್ಲ. ನೋವು ಮುಗಿಯುತ್ತದೆ ಎಂಬುದು ನೋವನ್ನು ಚಿಕ್ಕದು ಮಾಡುವುದಿಲ್ಲ.

ಮಾಡಬಹುದಾದದ್ದು ಸರಳವಾಗಿಯೇ ಇದೆ. ಎದೆಯಿಂದ ಎಷ್ಟು ಹಾಲು ಹೊರಗೆ ಹೋಗುತ್ತದೋ ಅಷ್ಟಕ್ಕೆ ತಕ್ಕಂತೆ ದೇಹ ಮತ್ತೆ ಹಾಲು ಮಾಡುತ್ತದೆ. ತುಂಬಿದ ಎದೆಯಲ್ಲಿ ಉತ್ಪಾದನೆ ನಿಧಾನವಾಗುತ್ತದೆ. ಆದ್ದರಿಂದ ಪೂರ್ತಿ ಖಾಲಿ ಮಾಡಬಾರದು, ತಡೆಯಲಾಗದಷ್ಟು ಬಿಗಿತವನ್ನು ಸಹಿಸಿಕೊಂಡೂ ಕೂರಬಾರದು. ಹಾಯೆನಿಸುವಷ್ಟು ಮಾತ್ರ ಕೈಯಿಂದ ಹಿಂಡಿ ನಿಲ್ಲಿಸಬೇಕು. ತಣ್ಣೀರಿನ ಬಟ್ಟೆ, ತಂಪು ಪಟ್ಟಿ, ಬಿಗಿಯಲ್ಲದ ಆದರೆ ಆಸರೆ ಕೊಡುವ ಒಳ ಉಡುಪು, ವೈದ್ಯರು ಹೇಳಿದ ನೋವಿನ ಮಾತ್ರೆ ಇವೆಲ್ಲ ನೆರವಾಗುತ್ತವೆ. ಕೋಸಿನೆಲೆಯ ತಂಪು ಕೆಲವರಿಗೆ ಹಿತವೆನಿಸುತ್ತದೆ. ಬಟ್ಟೆಯಿಂದ ಎದೆಯನ್ನು ಬಿಗಿದು ಕಟ್ಟುವ ಹಳೆಯ ರೂಢಿಯನ್ನು ಈಗ ಬೇಡವೆನ್ನುತ್ತಾರೆ; ಅದರಿಂದ ನೋವು ಹೆಚ್ಚಬಹುದು, ಹಾಲಿನ ನಾಳ ಕಟ್ಟಬಹುದು. ಜ್ವರ ಬಂದರೆ, ಎದೆಯ ಒಂದು ಭಾಗ ಕೆಂಪಾಗಿ ಗಟ್ಟಿಯಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಈಗಾಗಲೇ ಹಾಲೂಡಿಸುತ್ತಿರುವವರು ಒಮ್ಮೆಲೇ ನಿಲ್ಲಿಸುವ ಬದಲು ಒಂದೊಂದೇ ಹೊತ್ತು ಬಿಡುತ್ತ ಹೋದರೆ ಬಿಗಿತವೇ ಕಡಿಮೆ.

ಈ ತಿಳಿವಳಿಕೆ ಇಲ್ಲದ ಕಾಲದ ಒಂದು ಚಿತ್ರ ಸಾಹಿತ್ಯ ಚರಿತ್ರೆಯಲ್ಲೇ ಇದೆ. ಮೇರಿ ವುಲ್‌ಸ್ಟನ್‌ಕ್ರಾಫ್ಟ್ 1792ರಲ್ಲಿ ಹೆಣ್ಣಿನ ಹಕ್ಕುಗಳ ಬಗ್ಗೆ ಪುಸ್ತಕ ಬರೆದವಳು. ತಾಯಂದಿರು ದಾದಿಯರಿಗೆ ಒಪ್ಪಿಸದೆ ತಾವೇ ಹಾಲೂಡಿಸಬೇಕೆಂದು ವಾದಿಸಿದವಳು. 1797ರ ಆಗಸ್ಟ್ 30ರಂದು ಆಕೆಗೆ ಹೆಣ್ಣು ಮಗು ಹುಟ್ಟಿತು. ಮಾಸು ಪೂರ್ತಿ ಬೀಳದೆ ಜ್ವರ ಏರಿತು. ಮಗುವಿಗೆ ಹಾಲು ಕೊಡಬಾರದೆಂದು ವೈದ್ಯರು ತಡೆದರು. ಕಟ್ಟಿದ ಹಾಲನ್ನು ಹೀರಿಸಲು ನಾಯಿಮರಿಗಳನ್ನು ತರಿಸಲಾಯಿತು ಎಂದು ಗಂಡ ವಿಲಿಯಂ ಗಾಡ್ವಿನ್ ಬರೆದಿಟ್ಟಿದ್ದಾನೆ. ಸೆಪ್ಟೆಂಬರ್ 10ರಂದು ಆಕೆ ತೀರಿಕೊಂಡಳು. ಆ ಮಗುವೇ ಮುಂದೆ 'ಫ್ರಾಂಕನ್‌ಸ್ಟೈನ್' ಬರೆದ ಮೇರಿ ಶೆಲ್ಲಿ. ಹಾಲೂಡಿಸುವುದು ತಾಯಿಯ ಕರ್ತವ್ಯ ಎಂದು ನಂಬಿದವಳಿಗೇ ಅದು ಆಗಲಿಲ್ಲ. ಕರ್ತವ್ಯದ ಬಗ್ಗೆ ಎಷ್ಟು ಖಚಿತವಾಗಿ ಬರೆದರೂ ದೇಹ ಯಾವ ಗಳಿಗೆಯಲ್ಲಾದರೂ ನಮ್ಮನ್ನು ಅದರ ಆಚೆಗೆ ತಳ್ಳಬಹುದು.

ಇಲ್ಲಿ ಒಂದು ಆಕ್ಷೇಪವನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ಮೊದಲ ಆರು ತಿಂಗಳು ಎದೆಹಾಲು ಮಾತ್ರ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಿದ್ದಮೇಲೆ ಬದುಕಿರುವ ಮಗುವಿಗೆ ಹಾಲು ನಿಲ್ಲಿಸುವ ತಾಯಿಯನ್ನು ಪ್ರಶ್ನಿಸುವುದು ತಪ್ಪೇ? ಹಾಲಿನ ಮಹತ್ವವನ್ನು ತಿಳಿಸುವುದು ತಪ್ಪಲ್ಲ, ನಿಲ್ಲಿಸದೆ ಇರಲು ನೆರವು ಬೇಕೇ ಎಂದು ಕೇಳುವುದೂ ತಪ್ಪಲ್ಲ. ಆದರೆ ನಿಲ್ಲಿಸಬೇಕೋ ಬೇಡವೋ ಎಂಬುದು ಒಂದು ಪ್ರಶ್ನೆ. ನಿಲ್ಲಿಸಿದವಳ ನೋವಿಗೆ ಏನು ಮಾಡಬೇಕು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಆಕೆಯ ನಿರ್ಧಾರವನ್ನು ನಾವು ಒಪ್ಪದೆ ಇರಬಹುದು. ಅಷ್ಟರಿಂದ ಎರಡನೆಯದಕ್ಕೆ ಉತ್ತರ ಬದಲಾಗುವುದಿಲ್ಲ. ಕುಡಿದು ಬಿದ್ದವನ ಮುರಿದ ಕಾಲಿಗೂ ವೈದ್ಯ ಪಟ್ಟಿ ಕಟ್ಟುತ್ತಾನೆ. ಎದೆಯ ನೋವನ್ನು ಮಾತ್ರ ತಾಯ್ತನದ ದಂಡದಂತೆ ನೋಡಿದರೆ ನಾವು ಚಿಕಿತ್ಸೆ ಮಾಡುತ್ತಿಲ್ಲ, ಶಿಕ್ಷೆ ವಿಧಿಸುತ್ತಿದ್ದೇವೆ.

ಇನ್ನೊಂದು ಬಗೆಯ ಒತ್ತಾಯವೂ ಇದೆ, ಒಳ್ಳೆಯತನದ ಉಡುಪಿನಲ್ಲಿ. ಮುಂಬೈನ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಎದೆಹಾಲಿನ ಬ್ಯಾಂಕ್ ಶುರುಮಾಡಿದರು. ಏಷ್ಯಾದಲ್ಲೇ ಅದು ಮೊದಲನೆಯದು. ಇಂಥ ಬ್ಯಾಂಕುಗಳ ಹಾಲು ದಿನ ತುಂಬದೆ ಹುಟ್ಟಿದ ಮಕ್ಕಳ ಜೀವ ಉಳಿಸುತ್ತದೆ. ತಮ್ಮ ಮಗುವನ್ನು ಕಳೆದುಕೊಂಡ ಮೇಲೂ ಕೆಲವು ತಾಯಂದಿರು ಹಾಲು ಕೊಡುತ್ತಾರೆ. ಅವರಲ್ಲಿ ಕೆಲವರಿಗೆ ಹಾಲು ಬತ್ತುವುದೆಂದರೆ ಮಗುವಿನ ಕೊನೆಯ ಗುರುತೂ ಹೋದಂತೆ. ಕೊಡುವುದರಲ್ಲಿ ಸಮಾಧಾನ ಸಿಗುತ್ತದೆ. ಬೇರೆ ಕೆಲವರಿಗೆ ಒಂದು ಹನಿ ಕಂಡರೂ ತಡೆಯಲಾಗದು. 'ದಾನ ಮಾಡಬಹುದಲ್ಲ' ಎಂಬ ಮಾತು ಮೊದಲನೆಯವಳಿಗೆ ದಾರಿ, ಎರಡನೆಯವಳಿಗೆ ಹೊರೆ. ದಾನ ದಾನವಾಗಿ ಉಳಿಯುವುದು 'ಒಲ್ಲೆ' ಎನ್ನಲು ಜಾಗವಿದ್ದಾಗ. ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸಿ ಹಾಲು ಕರೆಯುವ ರೂಢಿ ನಮ್ಮ ದೇಶದಲ್ಲಿತ್ತು. ಅಲ್ಲಿ ಹಸುವಿನ ದುಃಖ ಲೆಕ್ಕಕ್ಕೆ ಬರಲಿಲ್ಲ, ಹಾಲು ಬಂತು. ಮನುಷ್ಯರ ನಡುವೆ ಹಾಗಾಗಬಾರದು.

1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ 'ಮಗು' ಎಂಬ ಪದಕ್ಕೆ ಕೊಟ್ಟ ವಿವರಣೆಯಲ್ಲಿ ಸತ್ತು ಹುಟ್ಟಿದ ಮಗುವೂ ಸೇರಿತ್ತು. ಎಂದರೆ ಕಾನೂನಿನ ಕಣ್ಣಲ್ಲಿ ಆಕೆ ಹೆತ್ತವಳೇ. ಮನೆಯಲ್ಲಿ ಹಾಗಿದೆಯೇ? ಮಗುವಿದ್ದವಳಿಗೆ ಬೆಚ್ಚನೆಯ ಕೋಣೆ, ಎಣ್ಣೆ ನೀರು, ಕರಿಮೆಣಸಿನ ಸಾರು, ಕಾಲೊತ್ತುವ ಕೈಗಳು. ಮಗುವಿಲ್ಲದವಳಿಗೆ ಮೌನ, ವಾರ ಕಳೆಯುವುದರೊಳಗೆ ಅಡುಗೆಮನೆ. ಗರ್ಭಕೋಶ ಕುಗ್ಗುವ ನೋವು, ರಕ್ತಸ್ರಾವ, ಹೊಲಿಗೆ, ಉಕ್ಕುವ ಎದೆ ಇಬ್ಬರಿಗೂ ಒಂದೇ. ಬಾಣಂತನ ಮಗುವಿಗೆ ಸಲ್ಲುವ ಮರ್ಯಾದೆ ಎಂದುಕೊಂಡಿರುವವರೆಗೆ ಈ ಅನ್ಯಾಯ ನಡೆಯುತ್ತಲೇ ಇರುತ್ತದೆ. ಅದು ಹೆತ್ತ ದೇಹಕ್ಕೆ ಸಲ್ಲಬೇಕಾದದ್ದು ಎಂದು ಒಪ್ಪಿದ ದಿನ, ಬಾಗಿಲ ಬಳಿ ನಿಂತು ಕಾರಣ ಕೇಳುವ ಬದಲು ತಣ್ಣನೆಯ ಬಟ್ಟೆ ಹಿಡಿದು ಒಳಗೆ ಹೋಗುವುದು ನಮಗೆ ಸಾಧ್ಯವಾಗುತ್ತದೆ.