ಸಿನೆಮಾ ಹೇಗಿತ್ತು?

ಸಿನೆಮಾ ನೋಡಿ ಬಂದವರನ್ನು ಹೇಗಿತ್ತು ಎಂದು ಕೇಳುವುದು ನಮ್ಮಲ್ಲಿ ಕ್ಷೇಮ ಸಮಾಚಾರ ವಿಚಾರಿಸಿದಷ್ಟೇ ಸಹಜ. ಪರವಾಗಿಲ್ಲ, ಹಾಡು ಚೆನ್ನಾಗಿದೆ, ಮಧ್ಯಂತರದ ನಂತರ ಎಳೆದಿದ್ದಾರೆ - ಇಷ್ಟರಲ್ಲಿ ಮಾತು ಮುಗಿಯುತ್ತದೆ. ಯಾರೂ ಪುರಾವೆ ಕೇಳುವುದಿಲ್ಲ. ನಾಳೆ ಅಭಿಪ್ರಾಯ ಬದಲಾದರೂ ಆಕ್ಷೇಪವಿಲ್ಲ. ಆದರೆ ಹೀಗೆ ಹಗುರವಾಗಿ ಮಾತನಾಡುವ ಹಕ್ಕು ಎಲ್ಲರಿಗೂ ಸಮನಾಗಿ ಸಿಕ್ಕಿದೆಯೇ?

ವೇಣೂರನ್ನೇ ತೆಗೆದುಕೊಳ್ಳಿ. ಇಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಗೊಮ್ಮಟನನ್ನು ನೋಡಿ, 'ಕಾರ್ಕಳದ್ದು ಇದಕ್ಕಿಂತ ಎತ್ತರ' ಎಂದು ಯಾರು ಹೇಳಿದರೂ ಜಗಳವಾಗುವುದಿಲ್ಲ. ಹೇಳಿದವನ ಧರ್ಮ ಯಾವುದೆಂದು ಯಾರೂ ಕೇಳುವುದಿಲ್ಲ. ಸಿನೆಮಾದ ಮಾತು ಹಾಗಲ್ಲ. 2022ರಲ್ಲಿ 'ಕಾಂತಾರ' ಬಂದಾಗ ತುಳುನಾಡಿನಲ್ಲಿ ಎಲ್ಲಿ ನೋಡಿದರೂ ಅದರದೇ ಚರ್ಚೆ. ಕೋಲವನ್ನು ಬಾಲ್ಯದಿಂದ ಕಂಡವರು ಇದು ಸರಿ, ಇದು ಅತಿಯಾಯಿತು ಎಂದು ಧಾರಾಳವಾಗಿ ವಾದಿಸಿದರು. ಬಬ್ಬರ್ಯನನ್ನು ಬ್ಯಾರಿಯ ಮಗನೆಂದು ಪಾಡ್ದನಗಳು ಹಾಡುವ ನಾಡಿದು. ಆದರೂ ಅದೇ ಕೋಲದ ಸದ್ದು ಕೇಳುತ್ತಾ ಬೆಳೆದ ಬ್ಯಾರಿ ಯುವಕ 'ನಡುವೆ ಸ್ವಲ್ಪ ಬೋರಾಯಿತು' ಎನ್ನುವ ಮೊದಲು ಸುತ್ತ ಯಾರಿದ್ದಾರೆಂದು ನೋಡಿಕೊಳ್ಳುತ್ತಾನೆ. ಮೆಚ್ಚಿದರೆ ಓಲೈಕೆ, ಮೆಚ್ಚದಿದ್ದರೆ ದ್ವೇಷ ಎಂದಾಗಬಹುದು. ಟಿಕೆಟಿನ ಬೆಲೆ ಎಲ್ಲರಿಗೂ ಒಂದೇ, ಅಭಿಪ್ರಾಯದ ಬೆಲೆ ಬೇರೆ ಬೇರೆ.

ಈ ದೂರನ್ನು ಪರರ ಮೇಲೆ ಹೊರಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಬಾನು ಮುಷ್ತಾಕರ 'ಕರಿ ನಾಗರಗಳು' ಕತೆಯನ್ನು ಗಿರೀಶ್ ಕಾಸರವಳ್ಳಿ 2004ರಲ್ಲಿ 'ಹಸೀನಾ' ಮಾಡಿದರು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟವಳು ಮಸೀದಿಯ ಮುಂದೆ ನ್ಯಾಯ ಕೇಳುವ ಚಿತ್ರ. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದಿತು. ತಲಾಖಿನ ಸಂಕಟವನ್ನು ಹೇಳುವ, ಬ್ಯಾರಿ ಭಾಷೆಯ ಮೊದಲ ಚಿತ್ರ 'ಬ್ಯಾರಿ' 2011ರ ಅತ್ಯುತ್ತಮ ಚಿತ್ರ ಪ್ರಶಸ್ತಿಯನ್ನು ಮರಾಠಿಯ 'ದೇವೂಳ್' ಜೊತೆ ಹಂಚಿಕೊಂಡಿತು. ಇಂಥ ಚಿತ್ರಗಳ ಬಗ್ಗೆ ನಮ್ಮ ಜಮಾಅತ್‌ಗಳಲ್ಲಿ ನೋಡುವ ಮೊದಲೇ ತೀರ್ಪು ಸಿದ್ಧವಾಗಿರುತ್ತದೆ: ಸಮುದಾಯದ ಮಾನ ಹರಾಜಾಯಿತು! ನೋಡಿದ ಹೆಣ್ಣುಮಗಳೊಬ್ಬಳು 'ಹೇಳಿದ್ದು ನಿಜ, ಆದರೆ ಕತೆ ತುಂಬಾ ನಿಧಾನ' ಎಂದರೆ, ಮೊದಲರ್ಧಕ್ಕೆ ಮನೆಯಲ್ಲಿ ವಿಚಾರಣೆ ನಡೆಯುತ್ತದೆ. ಉಳಿದರ್ಧ ಯಾರ ಕಿವಿಗೂ ಬೀಳುವುದಿಲ್ಲ. ಅವಳು ಸಿನೆಮಾದ ಬಗ್ಗೆ ಮಾತನಾಡಿದಳೆಂದು ಒಪ್ಪಲು ನಾವೇ ತಯಾರಿಲ್ಲ.

ಅದೇ ಚಿತ್ರ ನೋಡಿದ ನೆರೆಯವನು 'ನಿಮ್ಮಲ್ಲಿ ಗಂಡಸರೆಲ್ಲ ಹೀಗೆಯೇ ಅಲ್ಲವೇ' ಎಂದಾಗ, ಅದೂ ಸಿನೆಮಾದ ಬಗೆಗಿನ ಮಾತಲ್ಲ. ಎರಡು ಗಂಟೆಯಲ್ಲಿ ಅವನು ಕಂಡದ್ದು ಒಬ್ಬ ಗಂಡನನ್ನು. ಸಾಕ್ಷಿ ಹೇಳುತ್ತಿರುವುದು ಲಕ್ಷಾಂತರ ಗಂಡಂದಿರ ಮೇಲೆ.

ಗವಾಹಿಗೆ ಒಂದು ನಿಯಮವಿದೆ: ಕಂಡವನು ಕಂಡಷ್ಟನ್ನೇ ಹೇಳಬೇಕು. ಬಂದ ಸುದ್ದಿಯನ್ನು ವಿಚಾರಿಸಿ ನೋಡಿರೆಂದು ಕಲಿಸುವ ಕುರ್‌ಆನಿನ ಹುಜುರಾತ್ ಅಧ್ಯಾಯವೇ ಪರರನ್ನು ಗೇಲಿ ಮಾಡುವುದನ್ನೂ ಗುಮಾನಿಯನ್ನೂ ಗೀಬತ್ತನ್ನೂ ತಡೆಯುತ್ತದೆ. ಸಿನೆಮಾ ಹೇಗಿತ್ತು ಎಂಬ ಪ್ರಶ್ನೆಗೂ ಇದು ಅನ್ವಯಿಸಬಾರದೇಕೆ? ನಟನೆ, ಹಾಡು, ಕತೆಯ ಬಗ್ಗೆ ಎಷ್ಟು ಹಗುರವಾಗಿಯಾದರೂ ಮಾತನಾಡೋಣ, ಅದರಿಂದ ಯಾರ ಮನೆಯೂ ಮುರಿಯುವುದಿಲ್ಲ. ಮಾತು ಪಕ್ಕದ ಕುರ್ಚಿಯಲ್ಲಿ ಕುಳಿತವನ ಕಡೆಗೆ ತಿರುಗಿದೊಡನೆ ನಾವು ಸಾಕ್ಷಿಯ ಕಟಕಟೆಯಲ್ಲಿ ನಿಂತಿದ್ದೇವೆಂಬ ಎಚ್ಚರವಿರಲಿ.

ಸೌಹಾರ್ದದ ಸಭೆಗಳು ಬೇಕು. ಅದರ ಜೊತೆಗೆ ಹಸನಬ್ಬನೋ ಸುಬ್ಬಣ್ಣನೋ 'ನನಗೆ ಈ ಸಿನೆಮಾ ಹಿಡಿಸಲಿಲ್ಲ ಮಾರಾಯ' ಎಂದಾಗ ಅದನ್ನು ಅಷ್ಟಕ್ಕೇ ಬಿಟ್ಟು, ಚಹಾ ಮುಗಿಸಿ ಎದ್ದು ಹೋಗುವ ಅಭ್ಯಾಸವೂ ಬೇಕು.