ಇತಿಹಾಸ ಓದಿದವನಿಗೆ ಕೆಲಸವೇನು?

ಬಿ.ಎ.ಯಲ್ಲಿ ಇತಿಹಾಸ ತೆಗೆದುಕೊಂಡ ಹುಡುಗನಿಗೆ ಜಮಖಂಡಿ, ಮುಧೋಳದ ಕಡೆ ಎದುರಾಗುವ ಪ್ರಶ್ನೆ ಒಂದೇ: 'ಮುಂದ ಏನ್ ಮಾಡ್ತಿ?' ಇದನ್ನು ನಾವು ಹಗುರವಾಗಿ ಕಾಣಬಾರದು. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಮುಂದೆ ದುಡಿದು ಮಗನನ್ನು ಓದಿಸಿದ ತಂದೆಗೆ 'ಜ್ಞಾನಕ್ಕಾಗಿ ಜ್ಞಾನ' ಎಂದು ಉಪದೇಶಿಸುವ ಹಕ್ಕು ನಮಗಿಲ್ಲ.

ದಾರಿಗಳು ಇಲ್ಲವೆಂದಲ್ಲ. ಬಿ.ಎಡ್. ಮಾಡಿದರೆ ಶಾಲೆ, ಎಂ.ಎ. ಮುಗಿಸಿ ನೆಟ್ ಅಥವಾ ಕೆ-ಸೆಟ್ ಪಾಸಾದರೆ ಕಾಲೇಜು, ಇಲ್ಲವೇ ಎಫ್.ಡಿ.ಎ., ಪಿ.ಎಸ್.ಐ., ಕೆ.ಎ.ಎಸ್. ಪರೀಕ್ಷೆಗಳು. ಅದಕ್ಕಾಗಿ ಧಾರವಾಡದ ಬಾಡಿಗೆ ಕೋಣೆಗಳಲ್ಲಿ ವರ್ಷಗಟ್ಟಲೆ ಕೂತವರಿದ್ದಾರೆ. ಅಲ್ಲಿ ಇತಿಹಾಸವೆಂದರೆ ಇಸವಿಗಳ ಪಟ್ಟಿ. ಪರೀಕ್ಷೆಯ ಮರುದಿನ ಮರೆತರೂ ನಷ್ಟವಿಲ್ಲ!

ನಮ್ಮ ತಕರಾರು ಇರುವುದು ಇಲ್ಲಿಯೇ. ಇತಿಹಾಸದ ನಿಜವಾದ ಕಸುಬು, ಕೇಳಿದ ಮಾತನ್ನು ಯಾವಾಗ ನಂಬಬೇಕೆಂದು ತಿಳಿಯುವುದು. 1377ರಲ್ಲಿ 'ಮುಕದ್ದಿಮಾ' ಬರೆದ ಇಬ್ನ್ ಖಲ್ದೂನ್, ಲಕ್ಷಗಟ್ಟಲೆ ಸೈನ್ಯದ ಕಥೆ ಬಂದಾಗ 'ಅಷ್ಟು ಜನ ನಿಂತು ಕಾದಾಡಲು ಸಾಧ್ಯವಿತ್ತೇ?' ಎಂದು ಕೇಳಿದವರು. ಮುಧೋಳದಲ್ಲೇ ಒಂದು ಉದಾಹರಣೆಯಿದೆ. ಬಹಮನಿ ಸುಲ್ತಾನರು ಕೊಟ್ಟವೆನ್ನಲಾದ ಪಾರಸಿ ಫರ್ಮಾನುಗಳು ಅಲ್ಲಿನ ಘೋರ್ಪಡೆ ಸಂಸ್ಥಾನಿಕರ ಬಳಿಯಿದ್ದವು. ಮನೆತನದ ಮೂಲ ಮೇವಾಡದ ರಜಪೂತರಲ್ಲಿದೆ ಎಂಬುದಕ್ಕೆ ಅವನ್ನು ಆಧಾರ ಮಾಡಿಕೊಳ್ಳಲಾಯಿತು. ಕೆಲವು ವಿದ್ವಾಂಸರು ಒಪ್ಪಿದರು, ಕೆಲವರು ಅವು ಅಸಲಿಯೇ ಎಂದು ಅನುಮಾನಿಸಿದರು. ಈ ವಾದವನ್ನು ತೂಗಲು ಪಾರಸಿ ಬೇಕು. ಜಮಖಂಡಿಯ ಪಟವರ್ಧನರ ಕಾಲದ ಕಾಗದಗಳಿಗೆ ಮೋಡಿ ಲಿಪಿ ಬೇಕು. ನಮ್ಮ ಪದವೀಧರರಲ್ಲಿ ಎರಡನ್ನೂ ಬಲ್ಲವರು ಅಪರೂಪ. ರಾಜರ ವಂಶಾವಳಿ ಇಂದು ಯಾರಿಗೆ ಬೇಕು ಎನ್ನಬಹುದು. ಆದರೆ ಮೊಬೈಲಿನಲ್ಲಿ ದಿನವೂ ಬರುವ 'ಇತಿಹಾಸ' ನೆರೆಹೊರೆಯವರನ್ನೇ ಶತ್ರುಗಳನ್ನಾಗಿಸುತ್ತಿರುವಾಗ ಅಸಲಿ-ನಕಲಿ ಹೇಳಬಲ್ಲವನು ಬೇಡವೇ?

ಹೊಟ್ಟೆಪಾಡು ಮತ್ತು ಈ ಕಸುಬು ಒಂದೇ ಆಗಬೇಕೆಂದೇನೂ ಇಲ್ಲ. ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ಬಂಡೆದ್ದ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಫ್ಲೀಟ್, ಬ್ರಿಟಿಷ್ ಸರ್ಕಾರದ ಅಧಿಕಾರಿ. ಸಂಬಳ ಬರುತ್ತಿದ್ದುದು ಬೇರೆ ಕೆಲಸಕ್ಕೆ. ಬಂಡಾಯವನ್ನು ಹತ್ತಿಕ್ಕಿದ ಸರ್ಕಾರದ ನೌಕರನೇ ಅದರ ಹಾಡನ್ನು ಉಳಿಸಿದ್ದು ವಿಚಿತ್ರವೇ ಸರಿ.

ಹಾಗೆಂದು ನಿರುದ್ಯೋಗಿ ಹುಡುಗನಿಂದ ಪುಕ್ಕಟೆ ಸೇವೆ ಕೇಳುವುದು ನ್ಯಾಯವಲ್ಲ. ಆಲಮಟ್ಟಿಯ ಹಿನ್ನೀರಿಗೆ ಬೀಳಗಿ ಭಾಗದ ಊರುಗಳು ಮುಳುಗಿದವು. ಅಲ್ಲಿನ ಓಣಿ, ಬಾವಿ, ಗುಡಿ, ದರ್ಗಾಗಳನ್ನು ಕಂಡ ಹಿರಿಯರು ಪುನರ್ವಸತಿ ಕೇಂದ್ರಗಳಲ್ಲಿ ಇನ್ನೂ ಇದ್ದಾರೆ. ಉರೂಸಿಗೆ, ಜಾತ್ರೆಗೆ ಚಂದಾ ಎತ್ತುವ ಜಮಾಅತ್‌ಗಳೂ ಗುಡಿಯ ಸಮಿತಿಗಳೂ ಸೇರಿ ಇತಿಹಾಸ ಓದಿದ ಇಬ್ಬರಿಗೆ ಆರು ತಿಂಗಳು ಸಂಬಳ ಕೊಟ್ಟು, ಆ ಹಿರಿಯರ ಮಾತನ್ನು ಬರೆಸಿಕೊಳ್ಳಲಿ. ಬಸ್ಸಿನ ಖರ್ಚನ್ನೂ ಅದರಲ್ಲೇ ಸೇರಿಸಲಿ.